ವೇದಿಕೆಯ ಕೆಳಗಿನ ತೀರ್ಪುಗಾರರು

ಚಿನ್ನದ ಗಣಿಯ ಊರಿನ ಕಾನ್ವೆಂಟಿನಲ್ಲಿ ಐರಿಷ್ ನೃತ್ಯದ ಸ್ಪರ್ಧೆ ಗಡಿಯಾರದಷ್ಟು ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಅದರ ಹೊಣೆಯೆಲ್ಲ ಶಾಲೆಯ ಗುಮಾಸ್ತೆಯದು. ಆ ವರ್ಷ ಬಹುಮಾನದ ಶೀಲ್ಡ್ ಕೊಟ್ಟಿದ್ದ ತ್ಯಾಗರಾಜ ಮೊದಲಿಯಾರರು ಬಂದು, "ತೀರ್ಪುಗಾರ ನಾನೇ. ಗೆಲ್ಲುವವಳು ನನ್ನ ಮೊಮ್ಮಗಳು. ಇಲ್ಲವಾದರೆ ಶೀಲ್ಡ್ ವಾಪಸ್!" ಎಂದರು.

ಗುಮಾಸ್ತೆ ಕೈಮುಗಿದಳು. "ಆಗಲಿ ಸಾರ್. ಹಿಂದೆ ಐರ್ಲೆಂಡಿನಲ್ಲಿ ಹಿರಿಯ ತೀರ್ಪುಗಾರರು ವೇದಿಕೆಯ ಕೆಳಗೆ ಕೂತು, ಬೂಟಿನ ಸದ್ದಷ್ಟೇ ಕೇಳಿ ಅಂಕ ಕೊಡುತ್ತಿದ್ದರಂತೆ. ಆ ಗೌರವ ತಮಗೇ ಸಲ್ಲಬೇಕು."

ಅದು ನಿಜವೋ ಕಟ್ಟುಕಥೆಯೋ ಎಂಬ ಅನುಮಾನ ಅವಳಿಗೇ ಇತ್ತು. ಮೊದಲಿಯಾರರಿಗೆ ಇರಲಿಲ್ಲ. ಗೌರವವೆಂದ ಮೇಲೆ ಬೇಡವೆನ್ನುವುದು ಅವರ ಜಾಯಮಾನವಲ್ಲ. ಜರಿಪೇಟದ ಸಮೇತ ಹಲಗೆಗಳ ಕೆಳಗೆ ನುಸುಳಿದರು.

ಗುಮಾಸ್ತೆ ಚೀಟಿ ಎತ್ತಿಸಿ ಸರದಿ ಗೊತ್ತುಮಾಡಿದಳು. ಸಂಖ್ಯೆಯನ್ನಷ್ಟೇ ಕೂಗಿದಳು, ಹೆಸರು ಹೇಳುವ ಪದ್ಧತಿ ಅಲ್ಲಿರಲಿಲ್ಲ. ಹನ್ನೆರಡು ಹುಡುಗಿಯರು ಕುಣಿದರು. ಹೆಜ್ಜೆಹೆಜ್ಜೆಗೂ ಪೇಟದ ಮೇಲೆ ಧೂಳು ಉದುರಿತು.

ಮೊದಲಿಯಾರರು ಸೀನುತ್ತಲೇ ಹೊರಬಂದರು. "ಏಳನೆಯವಳು ಯಾರಮ್ಮ? ಒಂದು ಹೆಜ್ಜೆಯೂ ತಾಳ ತಪ್ಪಲಿಲ್ಲ. ನನ್ನ ಮೊಮ್ಮಗಳೇ ತಾನೆ?"

"ಗೇಟು ಕಾಯುವ ಅಂತೋಣಿಯ ಮಗಳು, ಸಾರ್. ತಮ್ಮ ಮೊಮ್ಮಗಳು ನಾಲ್ಕನೆಯವಳು."

ಮೊದಲಿಯಾರರು ಕೈಯಲ್ಲಿದ್ದ ಅಂಕಪಟ್ಟಿ ನೋಡಿಕೊಂಡರು. ನಾಲ್ಕರ ಎದುರು, 'ಎಮ್ಮೆ ಓಡಿದ ಹಾಗಿದೆ' ಎಂದು ಅವರದೇ ಕೈಬರಹ. ಇನ್ನೊಮ್ಮೆ ಓದಿದರು. ಆಮೇಲೆ ಪೇಟ ಕೊಡವುತ್ತ ನಕ್ಕುಬಿಟ್ಟರು.

"ಶೀಲ್ಡ್ ಏಳನೆಯವಳಿಗೇ ಕೊಡಮ್ಮ. ಮುಂದಿನ ವರ್ಷ ಕೆಳಗೊಂದು ಚಾಪೆ ಹಾಕಿಸು. ಈ ಪಟ್ಟಿ ಮಾತ್ರ ನಮ್ಮ ಮನೆಯವರ ಕಣ್ಣಿಗೆ ಬೀಳದಿರಲಿ."