ಹಗ್ಗ ಹಿಡಿದವನ ಗಾಯ

"ಅಜ್ಜಾರೇ, 'ಸಾರಿ' ಎಂಬ ಮಾತಿಗೆ ಅರ್ಥವೇನು? ಎಲ್ಲಿಂದ ಬಂತು ಅದು?"

ಕೇಳಿದವನು ಮಠದ ಶಿಷ್ಯ ಚನ್ನವೀರ. ಬೆಳಿಗ್ಗೆ ಅಡುಗೆಯ ನೀಲವ್ವ ಅನ್ನ ಬಸಿಯುತ್ತಿದ್ದಾಗ ಇವನು ಅವಸರದಲ್ಲಿ ನುಗ್ಗಿ ಅವಳಿಗೆ ತಾಗಿದ್ದ. ಕುದಿಯುವ ಗಂಜಿ ಅವಳ ಕೈಮೇಲೆ ಸುರಿದಿತ್ತು. 'ಸಾರಿ' ಎಂದು ಹೇಳಿ ಪಾಠಕ್ಕೆ ಓಡಿದ್ದ. ಮಧ್ಯಾಹ್ನ ಊಟಕ್ಕೆ ಕೂತರೆ ನೀಲವ್ವ ಇವನ ಮುಖ ನೋಡಲಿಲ್ಲ.

"ಹೇಳಬೇಕಾದ್ದು ಹೇಳಿದ್ದೇನೆ. ಇನ್ನೇನು ಕಾಲು ಹಿಡಿಯಬೇಕೇ?" ಎಂದ ಸಿಟ್ಟಿನಿಂದ.

"ಅಬ್ಬಬ್ಬಾ! ಇಂಗ್ಲಿಷಿನಲ್ಲೇ ಹೇಳಿದ್ದೀಯಲ್ಲ, ಅವಳ ಪುಣ್ಯ!" ಎಂದರು ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರು. "ಆ ನಾಡಿನ ಹಳಬರ ಬಾಯಲ್ಲಿ ಅದು ಹುಣ್ಣು, ನೋವು ಎಂಬ ಅರ್ಥದ ಮಾತಿನಿಂದ ಹುಟ್ಟಿದ್ದಪ್ಪ. 'ನನ್ನನ್ನು ಕ್ಷಮಿಸು' ಎಂದು ಅದರಲ್ಲಿಲ್ಲ. 'ನಾನು ನೊಂದಿದ್ದೇನೆ' ಎಂದಷ್ಟೇ ಇದೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಬಾವಿ ತೋಡುವ ಇಬ್ಬರು ಗೆಳೆಯರಿದ್ದರು. ಒಬ್ಬ ಕೆಳಗಿಳಿದು ಅಗೆಯುವವನು, ಇನ್ನೊಬ್ಬ ಮೇಲೆ ಹಗ್ಗ ಹಿಡಿಯುವವನು. ಕಲ್ಲಿನ ಬುಟ್ಟಿ ಎಳೆಯುವ ಮುನ್ನ ಮೇಲಿನವನು 'ಹೋ' ಎಂದು ಕೂಗಬೇಕು. ಕೆಳಗಿನವನು ಗೋಡೆಗೆ ಒತ್ತಿ ನಿಂತು 'ಓ' ಎನ್ನಬೇಕು. ಆ 'ಓ' ಕೇಳಿದ ಮೇಲೇ ಹಗ್ಗ ಎಳೆಯಬೇಕು.

ವರ್ಷಗಟ್ಟಲೆ ಜೊತೆಗೆ ದುಡಿದರು. ಕೈ ಪಳಗಿತು ನೋಡು, ಅಲ್ಲೇ ಕೆಟ್ಟಿತು. ಮೇಲಿನವನು ಕೂಗುತ್ತಲೇ ಎಳೆಯತೊಡಗಿದ. 'ಓ'ಗೆ ಕಾಯುವುದನ್ನೇ ಬಿಟ್ಟ. ಒಂದು ದಿನ ಬುಟ್ಟಿಯಿಂದ ಕಲ್ಲು ಜಾರಿ ಕೆಳಗಿನವನ ಬೆನ್ನು ಮುರಿಯಿತು. ಅವನು ಮತ್ತೆ ಎದ್ದು ನಿಲ್ಲಲಿಲ್ಲ.

ಹಗ್ಗದವನು ದಿನಾ ಬಂದು ಮಂಚದ ಕಾಲಿಗೆ ತಲೆ ಚಚ್ಚಿಕೊಂಡು ಅತ್ತ. ಅನ್ನ ಬಿಟ್ಟ, ಸೊರಗಿದ. ಮಲಗಿದವನೇ ಅವನ ಕಣ್ಣೊರೆಸಿ, "ಬಿಡೋ ಮಾರಾಯ, ನೀನು ಬೇಕೆಂದು ಮಾಡಿದ್ದಲ್ಲ" ಎನ್ನುತ್ತಿದ್ದ. ನೋಯಲು ತನ್ನ ಜೊತೆಗೆ ಇನ್ನೊಬ್ಬನಿದ್ದಾನೆ ಎಂಬುದೇ ಅವನಿಗಿದ್ದ ಒಂದು ಸಮಾಧಾನ.

ದಿನ ಕಳೆದಂತೆ ಹಗ್ಗದವನ ಅಳು ನಿಂತಿತು. ಬಾಗಿಲಲ್ಲೇ ನಿಂತು "ತಪ್ಪಾಯ್ತಪ್ಪಾ" ಎಂದು ಹೊರಟುಬಿಡುತ್ತಿದ್ದ. ಆಮೇಲೆ ಅದನ್ನೇ ಬೀದಿಯಿಂದ ಕೂಗಿ ಹೋಗುತ್ತಿದ್ದ. ಆಮೇಲೆ ಅದೂ ಇಲ್ಲ.

ಒಂದು ದಿನ ಪಕ್ಕದ ಹೊಲದಲ್ಲಿ ಹೊಸ ಬಾವಿಯ ಕೆಲಸ ಶುರುವಾಯಿತು. ಮಲಗಿದವನ ಕಿವಿಗೆ ಗೆಳೆಯನ 'ಹೋ' ಬಿತ್ತು. ಅದರ ಬೆನ್ನಿಗೇ ಹಗ್ಗ ಎಳೆಯುವ ಗಡಗಡೆ ಕಿರ್ರೆಂದಿತು. ನಡುವೆ 'ಓ' ಇರಲಿಲ್ಲ.

"ಕಾಯೋ! ಕೆಳಗೆ ಮನುಷ್ಯ ಇದ್ದಾನೋ!" ಎಂದು ಮಂಚದಿಂದಲೇ ಗಂಟಲು ಹರಿಯುವಂತೆ ಕೂಗಿದ. ಅಲ್ಲಿಗೆ ಕೇಳಿಸಲಿಲ್ಲ. ಗಡಗಡೆ ತಿರುಗುತ್ತಲೇ ಇತ್ತು.

ಹೆಂಡತಿ ಓಡಿಬಂದಳು. "ಏನಾಯ್ತು? ಯಾಕೆ ಹೀಗೆ ಕೂಗ್ತೀರಿ?"

"ಅವನ ಗಾಯ ಮಾಯ್ದುಹೋಯಿತು ಕಣೇ" ಎಂದ. ಬೆನ್ನು ಮುರಿದಾಗಲೂ ಅಳದಿದ್ದವನು ಅಂದು ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಕತೆ ನಿಲ್ಲಿಸಿದರು. ಒಳಗೆ ನೀಲವ್ವ ಒಂದೇ ಕೈಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಸದ್ದು ಕೇಳುತ್ತಿತ್ತು. ಚನ್ನವೀರ ಏನೋ ಹೇಳಲು ಬಾಯಿ ತೆರೆದ.

"ಸಾರಿ ಎಂದೆಯಲ್ಲ, ನಿನಗೆಲ್ಲಿ ನೋಯುತ್ತಿದೆ, ತೋರಿಸು" ಎಂದರು ಅಜ್ಜಾರು.