ಕೊಕ್ಕರೆಗುಡ್ಡಕ್ಕೆ ಹೋದ ದೋಣಿ

"ಯಕ್ಕಾ, ದೋಣಿಯಾಗ ಆ ದ್ವೀಪಕ್ಕ ಬಿಡಸ್ತೀಯೇನು?" ಎಂದು ಇಬ್ಬರು ಬಂದು ಕೇಳಿದರು. ಹುಬ್ಬಳ್ಳಿ ಕಡೆಯವರು. ಮೀಸೆಯವನು ಅರ್ಜುನಸಾ, ಕನ್ನಡಕದವನು ಮಲ್ಲೇಶಿ. ಬೆನ್ನ ಮೇಲೆ ದೊಡ್ಡ ಗಂಟು.

"ಕೊಕ್ಕರೆಗುಡ್ಡಕ್ಕಾ? ಎಂತಕ್ಕೆ?" ಎಂದಳು ಹೊನ್ನಿ.

"ಟೆಂಟ್ ಹಾಕ್ಕೊಂಡು ಎರಡು ರಾತ್ರಿ ಮಲಗಾಕ."

"ನಿಮಗೆ ಮನೆ ಇಲ್ವಾ?"

"ಐತಿ."

"ಮನೆ ಇದ್ದವರು ಬಟ್ಟೆಯೊಳಗೆ ಯಾಕೆ ಮಲಗ್ತೀರಿ?"

ಇಬ್ಬರೂ ನಕ್ಕರು. ನಕ್ಕಿದ್ದು ಹೊನ್ನಿಗೆ ಸರಿ ಕಾಣಲಿಲ್ಲ. ಬಾಡಿಗೆಯನ್ನು ಚೌಕಾಸಿ ಮಾಡದೆ ಕೊಟ್ಟರು. ಅದು ಇನ್ನೂ ಸರಿ ಕಾಣಲಿಲ್ಲ.

ಗಂಡ ಸತ್ತಾಗ ಹೊನ್ನಿಗೆ ಬಿಟ್ಟು ಹೋದದ್ದು ಒಂದು ದೋಣಿ, ಒಬ್ಬ ಮಗ. ದೋಣಿ ಗಟ್ಟಿ. ಮಗ ಜಟ್ಯ ಪೆದ್ದ. ದೋಣಿ ಹೋದರೆ ಇಬ್ಬರ ಅನ್ನವೂ ಹೋಯಿತು.

ಜಟ್ಯನನ್ನು ಪಕ್ಕಕ್ಕೆ ಕರೆದಳು.

"ಇವರು ದೋಣಿ ಲಪಟಾಯಿಸೂಕೆ ಬಂದವರು ಮಗಾ. ಅವರ ಮೇಲಿಂದ ಕಣ್ಣು ತೆಗೀಬೇಡ. ಕೇಳ್ತಾ?"

"ಕೇಳ್ತು ಅವ್ವಿ."

ಕೊಕ್ಕರೆಗುಡ್ಡದ ಸುತ್ತ ನೀರಿನಡಿಯಲ್ಲಿ ಹವಳದ ಬಂಡೆ. ಕೋಟೆಯ ಗೋಡೆ ಇದ್ದ ಹಾಗೆ. ದೋಣಿ ಒಳಗೆ ಹೋಗಲು ಇರುವುದು ಒಂದೇ ಕಂಡಿ. ಜಟ್ಯ ಹುಟ್ಟು ಹಾಕಿದ. ನೀರು ನೋಡಲಿಲ್ಲ, ಕಂಡಿ ನೋಡಲಿಲ್ಲ. ಅವರಿಬ್ಬರನ್ನೇ ನೋಡಿದ.

"ಯಾಕೋ ತಮ್ಮಾ, ಹಂಗ್ಯಾಕ ನೋಡಾಕತ್ತಿ?" ಎಂದ ಅರ್ಜುನಸಾ.

"ಕಣ್ಣು ತೆಗೀಬಾರ್ದು."

"ಯಾರು ಹೇಳ್ಯಾರ?"

"ಅವ್ವಿ."

"ಯಾಕಂತ?"

"ಅದು ನಿಮಗೆ ಹೇಳೂಕಾಗ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏ, ಮುಂದ ಬಂಡೆ ಐತಿ! ಮುಂದ ನೋಡಲೇ!"

"ಹೂಂ ಹೂಂ, ಹಾಂಗೆ ಹೇಳಿ ನನ್ನ ಕಣ್ಣು ತೆಗೆಸೂಕೆ ನೋಡ್ತ್ರಾ?" ಎಂದ ಜಟ್ಯ.

ಕರಕರ ಎಂದಿತು. ದೋಣಿ ಬಂಡೆಗೆ ಉಜ್ಜಿ, ಓಲಾಡಿ, ಹೇಗೋ ಕಂಡಿಯೊಳಗೆ ಬಿತ್ತು. ಮಲ್ಲೇಶಿಯ ಕನ್ನಡಕ ಸಮುದ್ರಕ್ಕೆ ಬಿತ್ತು.

ಮನೆಗೆ ಬಂದಾಗ ಹೊನ್ನಿ ದೋಣಿಯ ಮೈ ಸವರಿ ನೋಡಿದಳು.

"ಎಂತದೋ ಈ ಗೀರು!"

"ಬಂಡೆ ತಾಗ್ತು."

"ನಿನ್ನ ಕಣ್ಣು ಎಲ್ಲಿತ್ತು?"

"ಅವರ ಮೇಲೆ. ನೀ ಹೇಳ್ದ ಹಾಂಗೇ ಮಾಡ್ದೆ ಅವ್ವಿ."

"ಅಯ್ಯೋ ಪೆದ್ದೇ! ಸಮುದ್ರದಲ್ಲಿ ನೀರು ನೋಡಬೇಕು! ಬೆಳ್ಳಗೆ ನೊರೆ ಎದ್ದಲ್ಲಿ ಬಂಡೆ ಇರ್ತದೆ. ಬೆಳ್ಳಗೆ ಕಂಡ್ರೆ ಹತ್ತಿರ ಹೋಗಬೇಡ, ಸುತ್ತು ಹಾಕು. ಕೇಳ್ತಾ?"

"ಕೇಳ್ತು ಅವ್ವಿ."

ದ್ವೀಪದಲ್ಲಿ ಸಿಹಿನೀರಿಲ್ಲ. ಮರುದಿನ ಹೊನ್ನಿ ಒಂದು ಕೊಡ ನೀರು ತುಂಬಿಸಿ ಕಳಿಸಿದಳು. ಜಟ್ಯ ಈ ಸಲ ಕಂಡಿಯೊಳಗೆ ಸರಿಯಾಗಿ ನುಗ್ಗಿದ. ದಡದಲ್ಲಿ ಅರ್ಜುನಸಾ ನಿಂತಿದ್ದ. ಬಿಳಿ ಬನಿಯನ್, ಬಿಳಿ ಪಂಚೆ. ಬಿಳಿ ಟವೆಲ್ ಬೀಸಿದ.

"ಬಾರೋ! ಗಂಟಲಾ ಒಣಗೇತಿ! ನೀರ ತಾರೋ!"

"ಬರೂಕಾಗ! ಬೆಳ್ಳಗಿದ್ರಿ!" ಎಂದು ಜಟ್ಯ ಸುತ್ತು ಹಾಕಿದ.

ದೋಣಿ ಆ ಕಡೆ ಹೋಯಿತು. ಅರ್ಜುನಸಾ ಆ ಕಡೆ ಓಡಿದ. ದೋಣಿ ಈ ಕಡೆ ಬಂತು. ಅರ್ಜುನಸಾ ಈ ಕಡೆ ಓಡಿದ. ಓಡಿದಲ್ಲೆಲ್ಲ ಟವೆಲ್ ಬೀಸಿದ. ಬೀಸಿದಾಗಲೆಲ್ಲ ಜಟ್ಯ ದೂರ ಸರಿದ.

"ಅಂವ ಯಾಕ ತಿರಗಾಕತ್ತಾನಪಾ?" ಎಂದ ಮಲ್ಲೇಶಿ. ಕನ್ನಡಕ ಇಲ್ಲದೆ ಅವನಿಗೆ ದೋಣಿ ಒಂದು ಕಪ್ಪು ಮಚ್ಚೆ.

"ಕಾವಲು ಕಾಯಾಕತ್ತಾನ," ಎಂದ ಅರ್ಜುನಸಾ. "ಇದು ಬರೋಬ್ಬರಿ ಅನಸವಲ್ದು ನನಗ."

ಮಧ್ಯಾಹ್ನ ಕೊಡ ತುಂಬಿದ್ದು ತುಂಬಿದ ಹಾಗೇ ಮನೆಗೆ ಬಂತು.

"ಒಯ್ದ ನೀರು ತಿರುಗಿ ಬಂತಲ್ಲೋ!"

"ಅವರು ಬೆಳ್ಳಗಿದ್ರು. ನೀ ಹೇಳ್ದ ಹಾಂಗೇ ಸುತ್ತು ಹಾಕ್ದೆ ಅವ್ವಿ."

ಹೊನ್ನಿ ಹಣೆ ಚಚ್ಚಿಕೊಂಡಳು. ಆಮೇಲೆ ಯೋಚಿಸಿದಳು.

"ಟವೆಲ್ ಯಾಕೆ ಬೀಸಿದ? ನಿನ್ನ ದಡಕ್ಕೆ ಇಳಿಸೂಕೆ ನೋಡಿದ, ಕಳ್ಳ! ನೀ ಇಳೀಬೇಡ. ಹಾಂಗಂತ ಬಾಯಾರಿದವರನ್ನ ಬಿಟ್ಟು ಬರೂದೂ ಪಾಪ. ಸಿಯಾಳ ತುಂಬಿಸ್ತೆ. ದೋಣಿಯಲ್ಲೇ ನಿಂತು ಎಸಿ. ಮರಳಿಗೆ, ನೀರಿಗೆ ಹಾಕಿ ಹಾಳು ಮಾಡಬೇಡ. ಅವರಿಗೇ ಸಿಗಬೇಕು. ಕೇಳ್ತಾ?"

"ಕೇಳ್ತು ಅವ್ವಿ."

ಸಂಜೆಯೊಳಗೆ ಜಟ್ಯ ಮತ್ತೆ ಹೋದ. ಇಬ್ಬರೂ ದಡದಲ್ಲಿ ಕೈ ಚಾಚಿ ನಿಂತಿದ್ದರು. ಮೊದಲ ಸಿಯಾಳ ಅರ್ಜುನಸಾನ ಭುಜಕ್ಕೆ ಸಿಕ್ಕಿತು.

"ಯವ್ವಾ!"

ಎರಡನೆಯದು ಮರಳಿಗೆ ಬಿತ್ತು. ಜಟ್ಯನಿಗೆ ಬೇಸರವಾಯಿತು. ಅವರು ಓಡಿದರು.

"ಓಡಬೇಡಿ! ಓಡಿದ್ರೆ ಸಿಗೂದಿಲ್ಲ!"

ಮತ್ತೊಂದು ಮಲ್ಲೇಶಿಯ ಬೆನ್ನಿಗೆ ಸಿಕ್ಕಿತು.

"ಕೊಲ್ಲಾಕತ್ತಾನಪೋ!"

ಅವರು ನೀರಂಚಿನ ಒಂದು ಬಂಡೆಯ ಹಿಂದೆ ಅವಿತರು. ಜಟ್ಯ ದೋಣಿಯಲ್ಲೇ ಬಂಡೆ ಬಳಸಿ ಹೋಗಿ ಉಳಿದದ್ದನ್ನೂ ಎಸೆದ. ಒಂದನ್ನೂ ತಿರುಗಿ ತರಲಿಲ್ಲ.

ಅವನು ಹೋದ ಮೇಲೆ ಇಬ್ಬರೂ ಸಿಯಾಳ ಒಡೆದು ಎಳನೀರು ಕುಡಿದರು. ಕುಡಿಯುತ್ತ ಪಿಸುಗುಟ್ಟಿದರು.

"ಮೊದಲ ದಿಟ್ಟಿಸಿ ನೋಡಿದ. ಆಮ್ಯಾಲ ಸುತ್ತು ಹಾಕಿದ. ಈಗ ಹೊಡದ. ಮುಂದ ಏನ ಮಾಡ್ತಾನ?"

"ನಮ್ಮ ಗಂಟಿನ ಮ್ಯಾಲ ಕಣ್ಣು ಅವ್ವ ಮಗಂದು."

"ನಾಳೆ ಅಂವ ಇಳಿದಕೂಡ್ಲೆ ದೋಣಿ ಹತ್ತಿ ಹೊಂಟ ಬಿಡೂಣು. ಅಂವ ಇಲ್ಲೇ ಕೂಡ್ಲಿ."

ದೋಣಿ ಕದಿಯುವ ಯೋಚನೆ ಅವರಿಗೆ ಬಂದದ್ದು ಆಗಲೇ. ಮೊದಲು ಇರಲಿಲ್ಲ.

"ಕೊಟ್ಯಾ?" ಎಂದು ಹೊನ್ನಿ ಕೇಳಿದಳು.

"ಕೊಟ್ಟೆ ಅವ್ವಿ. ಮೀಸೆಯವಂಗೆ ಭುಜಕ್ಕೆ ಕೊಟ್ಟೆ. ಮತ್ತೊಬ್ಬಂಗೆ ಬೆನ್ನಿಗೆ ಕೊಟ್ಟೆ."

"ಅಯ್ಯೋ ಪೆದ್ದೇ! ಇನ್ನು ಸೇಡಿಗಾದ್ರೂ ದೋಣಿ ಒಯ್ತಾರೆ! ನಾಳೆ ಹೋಗಿ ಕೈ ಮುಗಿದು ತಪ್ಪಾಯ್ತು ಒಡೆಯಾ ಅನ್ನು. ಮರ್ಯಾದೆಯಿಂದ ಕರ್ಕೊಂಡು ಬಾ. ಆದ್ರೆ ದೋಣಿ ಹಾಂಗೇ ಬಿಟ್ಟು ಇಳೀಬೇಡ. ಯಾವುದಿಲ್ಲದೆ ದೋಣಿ ಹೋಗೂದಿಲ್ವೋ, ಅದನ್ನ ತೆಕ್ಕೊಂಡೇ ಇಳಿ. ಕೇಳ್ತಾ?"

"ಕೇಳ್ತು ಅವ್ವಿ."

ಅವಳು ಹೇಳಿದ್ದು ದೋಣಿ ನಡೆಸುವ ಹುಟ್ಟನ್ನು.

ಜಟ್ಯ ದಾರಿಯುದ್ದಕ್ಕೂ ಯೋಚಿಸಿದ. ಹುಟ್ಟಿಲ್ಲದೆ ದೋಣಿ ಹೋಗುತ್ತದೆ. ಹುಟ್ಟು ಮುರಿದಾಗ ಅಪ್ಪ ಅಂಗೈಯಲ್ಲೇ ನೀರು ತಳ್ಳಿ ಬಂದಿದ್ದ. ಹಗ್ಗವಿಲ್ಲದೆಯೂ ಹೋಗುತ್ತದೆ, ಬಿಚ್ಚಿದರೇ ಹೋಗುವುದು. ಮತ್ತೆ ಯಾವುದು? ಕಾಲ ಕೆಳಗೆ ನೋಡಿದ. ದೋಣಿಯ ತಳದಲ್ಲಿ ಒಂದು ತೂತು, ತೂತಿಗೆ ಒಂದು ಮರದ ಬೂಚು. ದಡಕ್ಕೆ ಎಳೆದಾಗ ಬೂಚು ಕಿತ್ತು ಒಳಗಿನ ನೀರು ಹೊರಗೆ ಬಿಡುತ್ತಾರೆ. ನೀರಿಗೆ ಇಳಿಸುವ ಮೊದಲು ಬಿಗಿಯುತ್ತಾರೆ. ಬೂಚಿಲ್ಲದೆ ಯಾರೂ ದೋಣಿ ಇಳಿಸಿದ್ದನ್ನು ಜಟ್ಯ ನೋಡಿರಲಿಲ್ಲ.

"ಇದೇ!" ಎಂದ.

ದೋಣಿಯ ಮೂತಿ ಮರಳಿಗೆ ತಾಗಿದ ಕೂಡಲೇ ಬೂಚು ಕಿತ್ತ. ಸೊಂಟಕ್ಕೆ ಸಿಕ್ಕಿಸಿಕೊಂಡ. ಇಳಿದ. ಕೈ ಮುಗಿದ.

"ತಪ್ಪಾಯ್ತು ಒಡೆಯಾ."

ಕೇಳಲು ಯಾರೂ ಇರಲಿಲ್ಲ. ಇಬ್ಬರೂ ಗಂಟು, ಟೆಂಟು ಎಲ್ಲ ಬಿಟ್ಟು ಓಡಿ ದೋಣಿ ಹತ್ತಿದ್ದರು.

"ಒಡೆಯಾ, ದೋಣಿ ಹೋಗೂದಿಲ್ಲ!"

"ಹೊಂಟೇತಿ ನೋಡಲೇ!" ಎಂದು ಅರ್ಜುನಸಾ ಹುಟ್ಟು ಹಾಕಿದ.

ಕಂಡಿಯ ತನಕ ಹೋಯಿತು.

"ಅರ್ಜುನಸಾ, ಕಾಲು ತೊಯ್ದುವಲ್ಲೋ."

"ಸುಮ್ಮನ ಕೂಡು."

"ಮೊಣಕಾಲು ತೊಯ್ದುವಲ್ಲೋ!"

ದೋಣಿ ಹವಳದ ಬಂಡೆಯ ಮೇಲೆ ಕೂತುಬಿಟ್ಟಿತು. ಅವರಿಬ್ಬರೂ ಎದೆಮಟ್ಟ ನೀರಿನಲ್ಲಿ ನಿಂತರು. ದಡದಲ್ಲಿ ಜಟ್ಯ ಬೂಚು ಎತ್ತಿ ತೋರಿಸಿದ.

"ನಾ ಹೇಳ್ದೆ!"

ಮೀನಿಗೆ ಹೋಗಿದ್ದ ಊರಿನ ಗಫೂರ ಬೊಬ್ಬೆ ಕೇಳಿ ಬಂದು, ಹಗ್ಗ ಎಸೆದು ಮೂವರನ್ನೂ ತನ್ನ ಎಂಜಿನ್ ದೋಣಿಗೆ ಎಳೆದುಕೊಂಡು ತಂದ. ಹೊನ್ನಿ ದಡದಲ್ಲಿದ್ದಳು.

"ನಮ್ಮ ದೋಣಿ ಎಲ್ಲಿ?"

"ಇವರು ಕದ್ದರು ಅವ್ವಿ."

"ನಾ ಮೊದಲ ದಿನವೇ ಹೇಳ್ಲಿಲ್ವಾ!"

"ಒಯ್ಯೂಕೆ ನಾ ಬಿಡಲಿಲ್ಲ," ಎಂದು ಜಟ್ಯ ಬೂಚು ತೆಗೆದು ಅವಳ ಕೈಯಲ್ಲಿಟ್ಟ.

ಹೊನ್ನಿ ಮರಳ ಮೇಲೆ ಕುಸಿದಳು. ಹುಬ್ಬಳ್ಳಿಯವರು ಒದ್ದೆ ಬಟ್ಟೆಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದರು. ಹಿಂದೆ ಹಿಂದೆ ನೋಡುತ್ತ ನಡೆದರು.

"ಅಳಬೇಡ ಹೊನ್ನಕ್ಕಾ," ಎಂದ ಗಫೂರ. "ದೋಣಿ ಬಂಡೆಯ ಮೇಲೆ ಕೂತಿದೆ. ಇಳಿತದಲ್ಲಿ ನೀರೆಲ್ಲ ತೂತಿನಿಂದ ತಾನೇ ಹೋಗ್ತದೆ. ಆಮೇಲೆ ಬೂಚು ಹಾಕಿದ್ರೆ ಉಬ್ಬರ ಬಂದಾಗ ತೇಲ್ತದೆ. ನಾಳೆ ಎಳೆದು ತರುವಾ."

ಹೊನ್ನಿಗೆ ಜೀವ ಬಂತು. ಆದರೂ ಗಫೂರನನ್ನು ಓರೆಗಣ್ಣಲ್ಲಿ ನೋಡಿದಳು. ಬಿಟ್ಟಿ ಸಹಾಯ ಯಾರು ಮಾಡುತ್ತಾರೆ? ಬೂಚು ಅವನ ಕೈಗೆ ಕೊಡಲಿಲ್ಲ. ಜಟ್ಯನಿಗೇ ಕೊಟ್ಟಳು.

"ಪೆದ್ದೇ! ಬೂಚು ಇಲ್ಲದೆ ದೋಣಿ ಒಂದು ಗಳಿಗೆಯೂ ಇರಬಾರ್ದು! ಹೋದ ಕೂಡ್ಲೇ ಮೊದಲು ಬೂಚು ಬಿಗಿ. ಉಳಿದದ್ದೆಲ್ಲ ಆಮೇಲೆ. ಕೇಳ್ತಾ?"

"ಕೇಳ್ತು ಅವ್ವಿ."

ಬೆಳಿಗ್ಗೆ ಗಫೂರ ಜಟ್ಯನನ್ನು ಬಂಡೆಯಿಂದ ತುಸು ದೂರ ನೀರಿಗೆ ಇಳಿಸಿ ಬಲೆ ಹಾಕಲು ಹೋದ. ಇಳಿತ ಇನ್ನೂ ಶುರುವಾಗಿರಲಿಲ್ಲ. ದೋಣಿಯ ಅಂಚು ನೀರಿನ ಮಟ್ಟಕ್ಕೇ ಇತ್ತು. ಜಟ್ಯ ಮುಳುಗಿ ಬೂಚು ಹಾಕಿದ. ಕಲ್ಲಿನಿಂದ ಜಡಿದ. ಆಮೇಲೆ ದೋಣಿಯೊಳಗೆ ಕೂತ. ಹೊರಗಿನ ನೀರು ಇಳಿಯಿತು. ಒಳಗಿನದು ಇಳಿಯಲಿಲ್ಲ. ಬೂಚಿನ ಕೆಲಸ ನೋಡಿ ಅವನಿಗೆ ಸಂತೋಷವಾಯಿತು.

ಉಬ್ಬರದ ಹೊತ್ತಿಗೆ ಗಫೂರ ಬಂದ. ಅವನ ದೋಣಿ ದೊಡ್ಡದು, ಬಂಡೆಯ ಹತ್ತಿರ ಬರುವ ಹಾಗಿಲ್ಲ. ದೂರದಿಂದಲೇ ಹಗ್ಗ ಎಸೆದ.

"ಬೂಚು ಹಾಕಿದ್ಯೇನೋ?"

"ಹಾಕ್ದೆ!"

"ಬಿಗಿ ಇದ್ಯಾ?"

"ಬಿಗಿ ಇದೆ!"

ಗಫೂರ ಎಂಜಿನ್ ಓಡಿಸಿದ. ನೀರು ತುಂಬಿದ್ದ ದೋಣಿ ಬಂಡೆಯಿಂದ ಜಾರಿತು. ಬಂಡೆಯ ಆಚೆ ಆಳ. ಹಗ್ಗ ಹರಿಯಿತು. ಜಟ್ಯ ಈಜಿ ಬಂದ.

ದೋಣಿ ಮುಳುಗಿತು. ಬೂಚು ಬಿಗಿಯಾಗಿಯೇ ಇತ್ತು.