ಕವಲಾದ ಮೇಲೆ ಕಟ್ಟಿದ ಸಾಕೆಟ್

ಮಲಪ್ರಭೆಯ ದಡದ ಆಶ್ರಮದಲ್ಲಿ ಗುರುಪಾದಯ್ಯನವರು ಶಿಷ್ಯರಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು. ಶಿಷ್ಯ ಅಡಿವೆಪ್ಪ ಬೇವಿನ ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನಿಂದ ತಲೆ ಚಚ್ಚಿಕೊಳ್ಳುತ್ತಿದ್ದ.

ಕೆಲಸ ಇಷ್ಟೇ. ಓಡುತ್ತಿರುವ ಒಂದು ಪ್ರೋಗ್ರಾಮ್, ಅಂದರೆ ಪ್ರೋಸೆಸ್, ಕವಲೊಡೆದು ಎರಡಾಗಬೇಕು. ಮಾತು ಸಾಗಿಸುವ ಕೊಳವೆಯಂಥ ಜೋಡಿ ಸಾಕೆಟ್‌ನ ಈ ತುದಿಯಲ್ಲಿ ಒಂದು ಆಡಿದ ಮಾತು ಆ ತುದಿಯಲ್ಲಿ ಇನ್ನೊಂದಕ್ಕೆ ಕೇಳಬೇಕು.

ಕೇಳುತ್ತಿರಲಿಲ್ಲ. ಎರಡನೆಯದು ಕಿವಿಯೊಡ್ಡಿ ಸುಮ್ಮನೆ ಕೂತಿತ್ತು.

ಅವನ ಮನಸ್ಸೂ ಅಲ್ಲಿರಲಿಲ್ಲ ಅನ್ನಿ. ಪಕ್ಕದಲ್ಲೇ ಕೂತು ಕಲಿಯುತ್ತಿದ್ದ ಈರಣ್ಣ ಅಂದು ಮೊದಲ ಬಸ್ಸಿಗೇ ಆಶ್ರಮ ಬಿಟ್ಟು ಹೋಗಿದ್ದ. ನನ್ನ ಪ್ರೋಗ್ರಾಮ್ ಕದ್ದಿದ್ದಾನೆ ಎಂದು ಎಲ್ಲರೆದುರು ಅವನ ಮೇಲೆ ಕೂಗಾಡಿದ್ದವನು ಅಡಿವೆಪ್ಪನೇ. ಈರಣ್ಣ ಕದ್ದಿರಲಿಲ್ಲ. ಅದು ಕೂಗಾಡಿದ ಮರುದಿನವೇ ಗೊತ್ತಾಗಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವಾರ ಕಳೆದಿತ್ತು.

ಗುರುಗಳು ಬಂದು ನಿಂತರು.

“ಅಜ್ಜಾರ, ಮಾತು ಆ ಕಡೆ ಮುಟ್ಟವಲ್ದ್ರೀ.”

“ಸಾಕೆಟ್ ಯಾವಾಗ ಮಾಡಿದಿ?”

“ಎರಡಾದ ಮ್ಯಾಲ್ರೀ.”

ಅವರು ಒಳಗೆ ಹೋಗಿ ಎರಡು ಖಾಲಿ ಬೆಂಕಿಪೊಟ್ಟಣಗಳಿಗೆ ದಾರ ಕಟ್ಟಿ ತಂದರು, ಮಕ್ಕಳು ಆಡುವ ಫೋನು. ಎರಡನ್ನೂ ಅವನ ಕೈಗೇ ಕೊಟ್ಟರು.

“ಒಂದು ಬಾಯಿಗೆ ಹಿಡಿ, ಒಂದು ಕಿವಿಗೆ. ಮಾತಾಡು.”

ಅಡಿವೆಪ್ಪ “ಹಲೋ” ಎಂದ.

“ಯಾರ ದನಿ ಬಂತು?”

“ನಂದ ರೀ.”

“ಬ್ಯಾರೆ ಆದ ಮ್ಯಾಲೆ ಮಾಡಿದರ ಎರಡೂ ತುದಿ ಒಬ್ಬನ ಕೈಯಾಗ ಉಳೀತಾವು. ಎರಡಾಗೂ ಮದಲ ಮಾಡಬೇಕಾಗಿತ್ತು.” ಗುರುಗಳು ಅವನ ಪಕ್ಕದಲ್ಲಿ ಕೂತರು. “ಈರಣ್ಣನ ಜೋಡಿ ಮಾತಾಡಿದೇನು?”

“ಮನಸಿನಾಗ ಭಾಳ ಸಲ ಮಾತಾಡೇನ್ರೀ. ತಪ್ಪಾತು ಅಂದೆ. ಅಂವ ನಕ್ಕ. ಹೋಗ್ಲಿ ಬಿಡೋ ಅಂದ.”

“ಅಂದವರು ಯಾರು?”

ಅಡಿವೆಪ್ಪ ಕೈಯಲ್ಲಿದ್ದ ಎರಡು ಪೊಟ್ಟಣಗಳನ್ನು ನೋಡಿದ. ಕಣ್ಣು ತುಂಬಿ ಬಂತು.

“ನಾನ ರೀ.”

ಪೊಟ್ಟಣಗಳನ್ನು ಕೆಳಗಿಟ್ಟು ಕೇಳಿದ, “ಒಮ್ಮೆ ಬ್ಯಾರೆ ಆದವರು ಮತ್ತ ಮಾತಾಡಾಕ ದಾರಿನ ಇಲ್ಲೇನ್ರೀ?”

“ಐತಿ. ಅದಕ್ಕ ವಿಳಾಸ ಬೇಕು.”

“ಅಂವ ಯಾರಿಗೂ ವಿಳಾಸ ಕೊಟ್ಟಿಲ್ರೀ.”

ಗುರುಗಳು ದಾರವನ್ನು ನಿಧಾನವಾಗಿ ಸುತ್ತಿ ಪೊಟ್ಟಣದೊಳಗಿಟ್ಟರು.

“ಮಗ್ಗಲದಾಗ ಕುಂತಿದ್ದಾಗ ವಿಳಾಸ ಬೇಕಾಗಿರಲಿಲ್ಲ, ತಮ್ಮಾ.”